ಅಡ್ಡಗೋಲಿನ ಪರೀಕ್ಷೆ

ಸಿದ್ದೇಶ್ವರಿ ಸುಲಭಕ್ಕೆ ಯಾರನ್ನೂ ಕ್ಷಮಿಸುವವಳಲ್ಲ, ಅದಕ್ಕೆ ಆಕೆಗೆ ನಾಚಿಕೆಯೂ ಇಲ್ಲ. ಬೀದರಿನಲ್ಲಿ ಆಟಗಾರರ ಮೊಣಕಾಲು ಪರೀಕ್ಷಿಸುವ ಕೆಲಸಕ್ಕೆ ಸೇರಿದ ದಿನದಿಂದಲೂ ಆಕೆ ಒಬ್ಬನ ದಾರಿಯನ್ನೇ ಕಾಯುತ್ತಿದ್ದಳು. ಅವನು ಭಾಲ್ಕಿಯ ಖೋಖೋ ಮಾಸ್ತರ ಅಮರನಾಥ.

ಹದಿನಾರರ ವಯಸ್ಸಿನಲ್ಲಿ ಆಕೆ ಅವನ ತಂಡದಲ್ಲಿ ಆಡುತ್ತಿದ್ದಳು. ಒಂದು ದಿನ ಔರಾದ್ ಕಡೆಯ ಹಳ್ಳಿ ಚಿಂತಾಕಿಯಿಂದ ಮಗಳ ಆಟ ನೋಡಲು ಅವ್ವ ಭೀಮಬಾಯಿ ಬಂದಳು. ಭೀಮಬಾಯಿಯ ಮನೆಯವರು ಕುರಿ ಸಾಕುವವರು. ಸಂಜೆ ದೊಡ್ಡಿಯ ಬಾಗಿಲಿಗೆ ಅಡ್ಡ ಕೋಲು ಹಿಡಿದು ಕುರಿಗಳನ್ನು ಒಂದೊಂದಾಗಿ ಹಾರಿಸುತ್ತಾಳೆ. ಕಾಲು ನೆಲಕ್ಕೂರುವ ಬಗೆ ನೋಡಿಯೇ ಯಾವುದು ಮುಂದೆ ಕುಂಟೀತು ಎಂದು ಹೇಳಿಬಿಡುತ್ತಾಳೆ.

"ಮಾಸ್ತರ, ನನ್ನ ಮಗಳು ಜಿಗದು ಇಳಿವಾಗ ಮಣಕಾಲು ಒಳಗ ಬೀಳ್ತದರಿ. ನಾಕು ದಿನ ಆಡಸಬ್ಯಾಡ್ರಿ," ಎಂದಳು.

ಮಾಸ್ತರ ಮೈದಾನಕ್ಕೆಲ್ಲ ಕೇಳುವಂತೆ ನಕ್ಕ. "ಇದು ಕುರಿದೊಡ್ಡಿ ಅಲ್ಲವ್ವ. ಹೋಗು, ನಿನ್ನ ಕುರಿ ಕಾಯಿ." ಹುಡುಗಿಯರೂ ನಕ್ಕರು. ಭೀಮಬಾಯಿ ಸೆರಗು ಮುಖಕ್ಕೆಳೆದುಕೊಂಡು ಹೊರಟುಹೋದಳು.

ಮೂರನೆಯ ದಿನ ಆಡುವಾಗ ಸಿದ್ದೇಶ್ವರಿಯ ಮೊಣಕಾಲಿನೊಳಗೆ ಪಟ್ ಎಂದಿತು. ಆಟ ಅಲ್ಲಿಗೇ ಮುಗಿಯಿತು. ಆದರೆ ಆಕೆಯನ್ನು ಹೆಚ್ಚು ಸುಟ್ಟದ್ದು ಆ ನೋವಲ್ಲ, ಆ ನಗು.

ಹದಿನಾಲ್ಕು ವರ್ಷದ ಮೇಲೆ, ಒಂದು ಬುಧವಾರ, ಅಮರನಾಥ ತಾನಾಗಿಯೇ ಬಂದ. ಜೊತೆಗೆ ಮಗಳು ಪ್ರಣಿತಾ. ಭಾನುವಾರ ರಾಜ್ಯ ತಂಡದ ಆಯ್ಕೆ. ಸಿದ್ದೇಶ್ವರಿಯ ಸಹಿ ಇಲ್ಲದೆ ಹುಡುಗಿ ಮೈದಾನಕ್ಕಿಳಿಯುವಂತಿಲ್ಲ.

ಸಿದ್ದೇಶ್ವರಿ ಹುಡುಗಿಯನ್ನು ಒಂದೂವರೆ ಗೇಣು ಎತ್ತರದ ಪೆಟ್ಟಿಗೆಯ ಮೇಲೆ ನಿಲ್ಲಿಸಿದಳು. ಕೆಳಗಿಳಿದು, ಪಾದ ನೆಲ ಮುಟ್ಟಿದ ಕೂಡಲೇ ಮೇಲಕ್ಕೆ ಜಿಗಿಯಬೇಕು. ಮೂರು ಸಲ ಮೊಬೈಲಿನಲ್ಲಿ ವಿಡಿಯೊ ಹಿಡಿದು, ಅದನ್ನು ನಿಧಾನವಾಗಿ ಓಡಿಸಿ ನೋಡಿದಳು. ಮೂರು ಸಲವೂ ಬಲ ಮೊಣಕಾಲು ಒಳಕ್ಕೆ ವಾಲಿತು. ಇಂಥ ಕಾಲು ಮುರಿದೇ ಮುರಿಯುತ್ತದೆ ಎಂದು ಯಾವ ಪರೀಕ್ಷೆಯೂ ಹೇಳುವುದಿಲ್ಲ. ಆದರೆ ಮೊನ್ನೆಯಿಂದ ನೋವಿದೆ ಎಂದು ಹುಡುಗಿಯೇ ಪಿಸುಗುಟ್ಟಿದಳು.

"ಒಂದು ದಸ್ಕತ್ತು ಹಾಕ್ರಿ ಮೇಡಂ. ಹಳೀದೆಲ್ಲ ಮನಸಿನ್ಯಾಗ ಇಟ್ಕೋಬ್ಯಾಡ್ರಿ," ಎಂದ ಅಮರನಾಥ.

ಸಿದ್ದೇಶ್ವರಿ ಪೆನ್ನು ತೆಗೆದಳು. ಸಹಿ ಹಾಕಿಬಿಟ್ಟರೆ ಆ ಪಟ್ ಎಂಬ ಸದ್ದು ಈ ಸಲ ಅವನ ಮಗಳ ಕಾಲಿನಿಂದಲೇ ಅವನಿಗೆ ಕೇಳಿಸೀತು. ಹಾಕು, ಹಾಕು ಎಂದಿತು ಮನಸ್ಸು. ಮೊದಲ ಅಕ್ಷರ ಬರೆದೂ ಬಿಟ್ಟಳು. ಅಷ್ಟರಲ್ಲಿ ಪ್ರಣಿತಾ ಬಗ್ಗಿ ಮೊಣಕಾಲು ನೀವಿಕೊಂಡಳು. ಸಿದ್ದೇಶ್ವರಿ ಬರೆದದ್ದನ್ನು ಗೀಚಿ ಹೊಡೆದುಹಾಕಿದಳು. ಹುಡುಗಿ ಏನು ತಪ್ಪು ಮಾಡಿದ್ದಳು? ಅಪ್ಪನನ್ನು ಮಾತ್ರ ಬಿಡುವ ಮಾತೇ ಇರಲಿಲ್ಲ.

"ನಮ್ಮವ್ವ ನೋಡಿ ಹೂಂ ಅಂದ್ರ ಹಾಕ್ತೇನಿ. ನಡೀರಿ ಚಿಂತಾಕಿಗಿ," ಎಂದಳು.

ಮುದುಕಿಯನ್ನು ಒಪ್ಪಿಸುವುದು ಸುಲಭ ಎಂದುಕೊಂಡು ಅವನು ಹೊರಟ. ಸಂಜೆ ಭೀಮಬಾಯಿ ದೊಡ್ಡಿಯ ಬಾಗಿಲಲ್ಲಿ ಕೋಲು ಹಿಡಿದಿದ್ದಳು. ಕುರಿಗಳೆಲ್ಲ ದಾಟಿದ ಮೇಲೆ ಪ್ರಣಿತಾ ದಾಟಿದಳು. ಓಣಿಯ ಮಂದಿಯೆಲ್ಲ ನೋಡುತ್ತಿದ್ದರು.

"ಮಣಕಾಲು ಒಳಗ ಬೀಳ್ತದ," ಎಂದಳು ಭೀಮಬಾಯಿ. ಆಮೇಲೆ ಕೋಲನ್ನು ಗೋಡೆಗೆ ಒರಗಿಸಿ, "ನಗ್ರಿ ಮಾಸ್ತರ. ಹೋದ ಸಲಿ ಭಾಳ ನಕ್ಕಿದ್ರಿ," ಎಂದಳು.

ಅಮರನಾಥ ತಲೆ ಎತ್ತಲಿಲ್ಲ. "ತಪ್ಪಾತವ್ವ," ಎಂದ.

ಭೀಮಬಾಯಿಗೆ ಅಷ್ಟು ಸಾಕಾಯಿತು, ಅವನಿಗೆ ಚಹಾ ಕೂಡ ಕೊಟ್ಟಳು. ಸಿದ್ದೇಶ್ವರಿಗೆ ಸಾಕಾಗಲಿಲ್ಲ. ಭಾನುವಾರದ ಆಯ್ಕೆ ತಪ್ಪಿತು. ಪ್ರಣಿತಾಳ ಕಾಲು ಗಟ್ಟಿ ಮಾಡಲು ಸಿದ್ದೇಶ್ವರಿ ಮೂರು ತಿಂಗಳ ವ್ಯಾಯಾಮ ಹಾಕಿಕೊಟ್ಟಳು, ಒಂದು ಕರಾರಿನ ಮೇಲೆ. ವಾರಕ್ಕೆರಡು ಸಲ ಅಪ್ಪನೇ ಕರೆತರಬೇಕು, ಬೆಂಚಿನ ಮೇಲೆ ಕೂತು ಮಗಳ ಒಂದೊಂದು ಜಿಗಿತವನ್ನೂ ನೋಡಿ, ಮೊಣಕಾಲು ಒಳಗೆ ಬಿತ್ತೋ ಇಲ್ಲವೋ ಗಟ್ಟಿಯಾಗಿ ಹೇಳಬೇಕು.

"ಒಳಗ ಬಿತ್ತು," ಎನ್ನುತ್ತಾನೆ ಅಮರನಾಥ.

"ಕೇಳಸಲಿಲ್ಲ ಮಾಸ್ತರ. ಇನ್ನೊಮ್ಮಿ ಹೇಳ್ರಿ," ಎನ್ನುತ್ತಾಳೆ ಸಿದ್ದೇಶ್ವರಿ.