ಹೊತ್ತು ಮುಳುಗುವುದರೊಳಗೆ

ಮೊನ್ನೆ ಮೊಮ್ಮಗಳ ನೆತ್ತಿಗೆ ಹಾಕೋಣವೆಂದು ಬಟ್ಟಲಲ್ಲಿ ಹರಳೆಣ್ಣೆ ಬಿಸಿಗಿಟ್ಟಿದ್ದೆ. ಯಾರೋ ಬಾಗಿಲು ತಟ್ಟಿದರೆಂದು ಎದ್ದು ಹೋದವಳು ಮರೆತೇಬಿಟ್ಟೆ. ವಾಪಸು ಬರುವಷ್ಟರಲ್ಲಿ ಎಣ್ಣೆ ಸುಟ್ಟು ಅಡುಗೆಮನೆಯೆಲ್ಲ ಹೊಗೆ. ಮಗಳು ಮೂಗು ಮುಚ್ಚಿಕೊಂಡು ಕಿಟಕಿ ತೆಗೆಯಲು ಓಡಿದಳು. ನಾನು ಇಕ್ಕಳದಲ್ಲಿ ಬಟ್ಟಲು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಅವಳಿಗೆ ಅದು ಬರೀ ಸುಟ್ಟ ವಾಸನೆ. ನನಗೆ ಧರಣಿ ಚಿಕ್ಕಪ್ಪನ ವಾಸನೆ. ಅದರ ಜೊತೆಗೆ ಒಂದಿಷ್ಟು ಪೆಟ್ರೋಲು, ಅಟ್ಟದ ಮೇಲೆ ಒಣಗುವ ಕೊಬ್ಬರಿಯ ಸಿಹಿ ಕಮಟು, ಸಂಜೆ ಸಾರಿಸಿದ ಅಂಗಳದ ತಂಪು ಸೇರಿದರೆ ಸಾಕು, ಹಳೇಬೀಡಿನ ಬಸದಿಯ ಹಿಂದಿನ ಬೀದಿಯಲ್ಲಿದ್ದ ನಮ್ಮ ಮನೆ ಹೆಂಚು ಸಮೇತ ಕಣ್ಣ ಮುಂದೆ ನಿಲ್ಲುತ್ತದೆ. ನಿಮಗೂ ಅಂಥದೊಂದು ವಾಸನೆ ಇದ್ದೇ ಇರುತ್ತದೆ. ಅದು ಹೇಳದೆ ಕೇಳದೆ ಬರುತ್ತದೆ, ಬಂದರೆ ಆ ದಿನದ ಕೆಲಸ ಕೆಟ್ಟಹಾಗೆಯೇ.

ನಮ್ಮದು ಕೊಬ್ಬರಿ ವ್ಯಾಪಾರದ ಜೈನರ ಮನೆ. ಕಾಯಿಗಳು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ, ಅಲ್ಲಾಡಿಸಿದರೆ ಒಳಗೆ ಗಡಗಡ ಎನ್ನತೊಡಗಿದ ಮೇಲೆ ಅವನ್ನು ಒಡೆದು, ಮೂಟೆ ಕಟ್ಟಿ, ಅಪ್ಪ ಅರಸೀಕೆರೆಯ ಮಂಡಿಗೆ ಕಳಿಸುತ್ತಿದ್ದ. ಮನೆಯಲ್ಲಿ ಗಡಿಯಾರವಿತ್ತು, ಆದರೆ ಅದನ್ನು ನೋಡುವವರು ಅಪ್ಪ ಒಬ್ಬನೇ. ಉಳಿದವರಿಗೆಲ್ಲ ಬಾವಿಕಟ್ಟೆಯ ನೆರಳೇ ಗಡಿಯಾರ. ಆ ನೆರಳು ಅಂಗಳ ದಾಟಿ ಕೊಟ್ಟಿಗೆಯ ಗೋಡೆ ಹತ್ತಿತೆಂದರೆ ಎಲೆ ಹಾಕಲೇಬೇಕು. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಊಟವಿಲ್ಲ. ಬೆಂಕಿಯ ಬೆಳಕಿಗೆ ಬಂದು ಬೀಳುವ ಹುಳುಹುಪ್ಪಟೆಯ ಪಾಪ ಮನೆಗೆ ತಟ್ಟಬಾರದೆಂದು ಒಲೆಯನ್ನೂ ಆರಿಸಿಬಿಡುತ್ತಿದ್ದರು. ಆ ಕೆಲಸವನ್ನು ಅಜ್ಜಿ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಎಲ್ಲರ ಊಟವಾದ ಮೇಲೆ ಒಲೆಯ ಮುಂದೆ ಬೆನ್ನು ತಿರುಗಿಸಿ ಕುಕ್ಕರುಗಾಲಲ್ಲಿ ಕೂತು, ಬೂದಿ ಕೆದಕಿ, ನೀರು ಚಿಮುಕಿಸಿ, ತುಂಬ ಹೊತ್ತು ಏನೋ ಮಾಡುತ್ತಿದ್ದಳು. ಅಮ್ಮ ಹತ್ತಿರ ಹೋದರೆ, "ನೀನು ಹೋಗಮ್ಮ, ನಾನು ನೋಡ್ಕೋತೀನಿ" ಎಂದು ಸಾಗಹಾಕುತ್ತಿದ್ದಳು. ವಯಸ್ಸಾದವರ ಹಟವೆಂದು ನಾವೆಲ್ಲ ಸುಮ್ಮನಿದ್ದೆವು.

ಅಜ್ಜಿಗೆ ಇನ್ನೊಂದು ವ್ರತವಿತ್ತು, ಅದು ಅವಳೇ ಕಟ್ಟಿಕೊಂಡದ್ದು. ಧರಣಿ ಚಿಕ್ಕಪ್ಪ ಅವಳ ಕೊನೆಯ ಮಗ. ಕೂಸಾಗಿದ್ದಾಗ ಬದುಕುವುದೇ ಇಲ್ಲವೆಂದು ಎಲ್ಲರೂ ಕೈಬಿಟ್ಟಿದ್ದರಂತೆ. ಆಗ ಬಸದಿಯ ಮುಂದೆ ನಿಂತು ಅಜ್ಜಿ ಹೇಳಿಕೊಂಡಳಂತೆ: ಇವನು ಉಳಿದರೆ, ಇವನ ಹೊಟ್ಟೆ ತುಂಬದೆ ನಾನು ಸಂಜೆಯ ತುತ್ತು ಮುಟ್ಟುವುದಿಲ್ಲ. ಕೂಸು ಉಳಿಯಿತು. ವ್ರತವೂ ಉಳಿಯಿತು. ಚಿಕ್ಕಪ್ಪ ಹೊತ್ತು ಮುಳುಗುವುದರೊಳಗೆ ಬಂದು ಉಂಡರೆ ಅಜ್ಜಿಯೂ ಉಣ್ಣುತ್ತಿದ್ದಳು. ಬರದಿದ್ದರೆ ಅವಳಿಗೆ ಮಾರನೆಯ ಬೆಳಗಿನವರೆಗೆ ಅನ್ನವಿಲ್ಲ, ನೀರೂ ಇಲ್ಲ. ಒಂದು ಸಲ ಅವನು ಅರಸೀಕೆರೆಯಲ್ಲಿ ತಡಮಾಡಿದ. ಅಜ್ಜಿಗೆ ಅಂದು ಮೈ ಸುಡುವ ಜ್ವರ. ರಾತ್ರಿಯೆಲ್ಲ ಒಣಗಿದ ತುಟಿಯಲ್ಲಿ ನರಳಿದಳೇ ಹೊರತು ಒಂದು ಗುಟುಕು ನೀರು ಮುಟ್ಟಲಿಲ್ಲ. ಚಿಕ್ಕಪ್ಪ ತಾನೂ ಹಸಿದುಕೊಂಡೇ ಅವಳ ಕಾಲ ಬಳಿ ಕೂತು, ಅಷ್ಟು ದೊಡ್ಡ ಆಳು, ಬಿಕ್ಕಿ ಬಿಕ್ಕಿ ಅತ್ತ. ಅಂದಿನಿಂದ ಅವನು ಎಲ್ಲಿದ್ದರೂ ಸರಿ, ನೆರಳು ಗೋಡೆ ಹತ್ತುವುದರೊಳಗೆ ಮನೆಯಲ್ಲಿರುತ್ತಿದ್ದ. "ಆ ವ್ರತ ಬಿಟ್ಬಿಡವ್ವ, ಇವನೇನು ಮಗೂನಾ ಇನ್ನೂ?" ಎಂದು ಅಪ್ಪ ಎಷ್ಟೋ ಸಲ ಹೇಳಿ ನೋಡಿದ.

ಇಂಥ ಮನೆಯಲ್ಲಿ ಹುಟ್ಟಿದ ಚಿಕ್ಕಪ್ಪನಿಗೆ ಹಿಡಿದದ್ದು ಮೋಟಾರ್ ಸೈಕಲ್ಲಿನ ಹುಚ್ಚು. ಎಪ್ಪತ್ತರ ದಶಕ ಮುಗಿಯುತ್ತಿದ್ದ ವರ್ಷಗಳು ಅವು. ಅರಸೀಕೆರೆಯಲ್ಲಿ ಯಾರೋ ಮಾರುತ್ತಿದ್ದ ಎರಡು ಸೈಲೆನ್ಸರಿನ ಹಳೆಯ ಗಾಡಿಯನ್ನು ಅಪ್ಪನ ಕೈಕಾಲು ಹಿಡಿದು ಕೊಡಿಸಿಕೊಂಡಿದ್ದ. ಕೊಬ್ಬರಿಯ ಲೆಕ್ಕ ಬರೆಯಲು ಕೂರಿಸಿದರೆ ಆಕಳಿಸುತ್ತಿದ್ದವನು ಗಾಡಿ ಬಿಚ್ಚಲು ಕೂತರೆ ಊಟದ ಹೊತ್ತಿನವರೆಗೂ ಏಳುತ್ತಿರಲಿಲ್ಲ. ಮಡ್‌ಗಾರ್ಡು, ಕನ್ನಡಿ, ಹಿಂದಿನ ಸೀಟು ಎಲ್ಲ ಕಿತ್ತು ಅಟ್ಟಕ್ಕೆ ಎಸೆದಿದ್ದ. ಪೆಟ್ರೋಲಿಗೆ ಹರಳೆಣ್ಣೆ ಬೆರೆಸಿದರೆ ಎಂಜಿನ್ ಎಷ್ಟು ಕಾದರೂ ಹಿಡಿದುಕೊಂಡು ನಿಂತುಹೋಗುವುದಿಲ್ಲವೆಂದು ಅವನಿಗೆ ಯಾರೋ ಹೇಳಿದ್ದರು. ಆಮೇಲೆ ಅಜ್ಜಿಯ ಎಣ್ಣೆ ಜಾಡಿಗೆ ಉಳಿಗಾಲವಿರಲಿಲ್ಲ. ಶನಿವಾರದ ನೀರಿಗೆಂದು ಗಾಣದಿಂದ ತರಿಸಿದ ಎಣ್ಣೆ ನಮ್ಮ ತಲೆ ಸೇರುವ ಮೊದಲೇ ಟ್ಯಾಂಕು ಸೇರುತ್ತಿತ್ತು. ಗಾಡಿ ಹೊರಟರೆ ಬೀದಿಯುದ್ದಕ್ಕೂ ನೀಲಿ ಹೊಗೆ, ಎಣ್ಣೆಸ್ನಾನದ ದಿನದ ಬಚ್ಚಲುಮನೆಯ ವಾಸನೆ. "ನಿಮ್ಮಪ್ಪಂಗೆ ಹೇಳ್ಬೇಡ ಕಣೇ ಪದ್ದಿ, ನಿನ್ನೂ ಒಂದಿನ ಕರ್ಕೊಂಡ್ಹೋಗ್ತೀನಿ" ಎಂದು ನನ್ನ ಬಾಯಿಗೆ ಬೀಗ ಹಾಕಿದ್ದ.

ಹೇಳಿದಂತೆ ಕರೆದುಕೊಂಡೂ ಹೋದ. ಅದು ಅವರೆಕಾಯಿಯ ಕಾಲದ, ಮೈ ನಡುಗಿಸುವ ಚಳಿಯ ಒಂದು ಶನಿವಾರ. ಜಾವಗಲ್ಲಿನಲ್ಲಿದ್ದ ನನ್ನ ಸೋದರತ್ತೆಯನ್ನು ನೋಡಿಬರುತ್ತೇವೆಂದು ಮನೆಯಲ್ಲಿ ಹೇಳಿ, ನನ್ನನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೊರಟ. ಜಾವಗಲ್ಲಿನ ಆಚೆ, ಯಾವುದೋ ಕಾಮಗಾರಿಗೆಂದು ಡಾಂಬರು ಹಾಕಿ ಅರ್ಧಕ್ಕೇ ಬಿಟ್ಟುಹೋದ ಒಂದು ತುಂಡು ರಸ್ತೆಯಿತ್ತು. ಎಲ್ಲಿಂದಲೂ ಬರದ, ಎಲ್ಲಿಗೂ ಹೋಗದ, ಗೆರೆ ಎಳೆದಂತೆ ನೇರವಾದ ರಸ್ತೆ. ಸುತ್ತಲ ಊರುಗಳ ಗಾಡಿ ಹುಚ್ಚಿನ ಹುಡುಗರಿಗೆ ಅದೇ ರೇಸಿನ ಟ್ರ್ಯಾಕು. ಆ ತುದಿಗೊಂದು ಈ ತುದಿಗೊಂದು ಸುಣ್ಣದ ಗೆರೆ. ಇಬ್ಬಿಬ್ಬರಾಗಿ ನಿಲ್ಲಬೇಕು, ಟವೆಲು ಕೆಳಗೆ ಬಿದ್ದ ಕೂಡಲೇ ಹೊರಡಬೇಕು, ಆಚೆ ಗೆರೆ ಮೊದಲು ದಾಟಿದವನು ಗೆದ್ದ. ಅಪ್ಪಣೆ ಇಲ್ಲ, ಲೈಸೆನ್ಸು ಕೇಳುವವರಿಲ್ಲ. ಪೊಲೀಸಿನವರು ಒಮ್ಮೆ ಬಂದು ಎಲ್ಲರನ್ನೂ ಓಡಿಸಿದ್ದರಂತೆ, ಇನ್ನೊಮ್ಮೆ ಬಂದವರು ನಿಂತು ನೋಡಿ ಶಿಳ್ಳೆ ಹಾಕಿ ಹೋಗಿದ್ದರಂತೆ. ನಾನು ಹುಣಸೆಮರದ ಬುಡದಲ್ಲಿ ಕಿವಿ ಮುಚ್ಚಿಕೊಂಡು ಕೂತಿದ್ದೆ. ಗಾಡಿಗಳು ಎದುರು ಹಾದುಹೋದಾಗ ನೆಲ ನಡುಗುತ್ತಿತ್ತು. ಚಿಕ್ಕಪ್ಪ ಟ್ಯಾಂಕಿಗೆ ಎದೆಯೊರಗಿಸಿ, ಗಾಡಿಯಲ್ಲೇ ಕರಗಿಹೋದವನಂತೆ ಕೂರುತ್ತಿದ್ದ. ಸೋತು ಹುಣಸೆಮರದ ಕೆಳಗೆ ಬಂದು ಕೂತವರ ಮಧ್ಯೆ ನನ್ನ ಜಂಬ ನೋಡಬೇಕಿತ್ತು.

ಸಂಜೆಗೆ ಉಳಿದವರು ಇಬ್ಬರು, ಚಿಕ್ಕಪ್ಪ ಮತ್ತು ಹಾರನಹಳ್ಳಿಯ ತೆಂಗಿನ ತೋಟದವರ ಮಗ ಮಲ್ಲೇಶ. ಮಲ್ಲೇಶನದು ಬುಲೆಟ್. ಇಬ್ಬರೂ ಗೆರೆಗೆ ಬಂದು ನಿಂತಾಗ ಚಿಕ್ಕಪ್ಪ ತಲೆಯೆತ್ತಿ ಬಿಸಿಲು ನೋಡಿದ. ಹುಣಸೆಮರದ ನೆರಳು ರಸ್ತೆ ದಾಟಿ ಹೊಲಕ್ಕಿಳಿದಿತ್ತು. ಅವನು ಗಾಡಿಯನ್ನು ಗೆರೆಯಿಂದ ಹಿಂದಕ್ಕೆ ತಳ್ಳಿದ. ಎಲ್ಲರೂ ಹೋ ಎಂದರು. "ಏನ್ಲಾ, ಹೊತ್ತಾಯ್ತಾ? ನಿಮ್ಮವ್ವ ತುತ್ತು ಕಲಸ್ಕೊಂಡು ಕೂತವ್ಳಾ? ಓಡ್ಲಾ ಓಡು!" ಎಂದು ಮಲ್ಲೇಶ ಕೈತಟ್ಟಿ ನಕ್ಕ. ಚಿಕ್ಕಪ್ಪನೂ ನಕ್ಕ. "ನಾಳೆ ಐತಲ್ಲ. ನಿನ್ ಗಾಡೀನೂ ಎಲ್ಲೂ ಹೋಗಲ್ಲ, ನಂದೂ ಎಲ್ಲೂ ಹೋಗಲ್ಲ" ಎಂದು ನನ್ನನ್ನು ಎತ್ತಿ ಕೂರಿಸಿಕೊಂಡ. ದಾರಿಯಲ್ಲಿ ನಾನು ಅಳುತ್ತಲೇ ಬಂದೆ, ಗೆಲ್ಲುವುದನ್ನು ಬಿಟ್ಟು ಬಂದೆಯಲ್ಲ ಎಂದು. ಮನೆ ಮುಟ್ಟಿದಾಗ ನೆರಳು ಆಗಷ್ಟೇ ಕೊಟ್ಟಿಗೆಯ ಗೋಡೆಗೆ ತಾಗಿತ್ತು. ಅವನು ಉಂಡ, ಅಜ್ಜಿ ಉಂಡಳು.

ಭಾನುವಾರ ನನ್ನನ್ನು ಕರೆದುಕೊಂಡು ಹೋಗಲಿಲ್ಲ. ಅಜ್ಜಿ ಜಗಲಿಯ ಮೇಲೆ ಅವರೆಕಾಳು ಹಿಸುಕುತ್ತ ಕೂತಿದ್ದವಳು ದಿನದ ಮಾತನ್ನೇ ಹೇಳಿದಳು: "ಹೊತ್ತು ಮುಳುಗೋದ್ರೊಳಗೆ ಬಂದ್ಬಿಡಪ್ಪ." ಅವನೂ ದಿನದ ಹಾಗೆಯೇ ಹೂಂ ಎಂದ. ಚಳಿಗಾಲದ ಹೊತ್ತು ಎಷ್ಟು ಬೇಗ ಜಾರುತ್ತದೆಂದು ನಿಮಗೆ ಗೊತ್ತಲ್ಲ. ಬಾವಿಕಟ್ಟೆಯ ನೆರಳು ಅಂಗಳ ದಾಟಿತು, ಗೋಡೆ ಹತ್ತಿತು. ಅಪ್ಪ ಉಂಡ, ಅಮ್ಮ ಉಂಡಳು, ನಾನೂ ಉಂಡೆ. ಅಜ್ಜಿ ಚಿಕ್ಕಪ್ಪನ ಎಲೆ ಹಾಕಿ, ಅಕ್ಕಿರೊಟ್ಟಿ, ಹಿಸುಕಿದ ಅವರೆಯ ಸಾರು ಬಡಿಸಿಟ್ಟು, ಬಾಗಿಲ ಕಡೆ ನೋಡುತ್ತ ಕೂತಳು. ನೆರಳು ಹೆಂಚಿನ ಅಂಚಿಗೆ ಹೋಗಿ, ಆಮೇಲೆ ನೆರಳೇ ಇಲ್ಲವಾಯಿತು. ಅಜ್ಜಿ ಎಲೆಯ ಮೇಲೆ ಇನ್ನೊಂದು ಎಲೆ ಮುಚ್ಚಿದಳು. ಆಗ ಬೀದಿಯ ತುದಿಯಲ್ಲಿ ಗಾಡಿಯ ಸದ್ದು ಕೇಳಿತು. ನಾನು ಜಗಲಿಗೆ ಓಡಿದೆ. ಅದು ನಮ್ಮ ಗಾಡಿಯ ಸದ್ದಲ್ಲ, ಬುಲೆಟ್ಟಿನದು. ಹಿಂದೆ ಒಂದು ಟೆಂಪೋ ಇತ್ತು.

ರೇಸಿನಲ್ಲಿ ಅವನಿಗೆ ಒಂದು ಗೀರೂ ಆಗಿರಲಿಲ್ಲ. ಇದನ್ನು ಮಲ್ಲೇಶ ಅಂದು ಅಪ್ಪನ ಕಾಲು ಹಿಡಿದುಕೊಂಡು ಹೇಳಿದ, ಆಮೇಲೂ ಎಷ್ಟೋ ವರ್ಷ ಸಿಕ್ಕಾಗಲೆಲ್ಲ ಹೇಳುತ್ತಿದ್ದ. ಕೊನೆಯ ಓಟಕ್ಕೆ ನಿಂತಾಗ ಕುರಿಮಂದೆಯೊಂದು ರಸ್ತೆಗೆ ಬಂದು ತಡವಾಯಿತಂತೆ. ಚಿಕ್ಕಪ್ಪ ಗೆದ್ದ. ಗೆದ್ದವನು ಗಾಡಿಯಿಂದ ಇಳಿಯಲೂ ಇಲ್ಲ. "ಇದೊಂದಿನ ಬಿಡ್ಲಾ, ನಮ್ಮೂರಲ್ಲೇ ಉಂಡು ಮಲಗು" ಎಂದು ಮಲ್ಲೇಶ ಹ್ಯಾಂಡಲ್ಲು ಹಿಡಿದುಕೊಂಡನಂತೆ. "ನಾನು ಉಣ್ದಿದ್ರೆ ಏನಿಲ್ಲ ಕಣ್ಲಾ, ಅವ್ವ ನೀರೂ ಕುಡಿಯಲ್ಲ" ಎಂದು ಕೈ ಬಿಡಿಸಿಕೊಂಡು ಹೊರಟನಂತೆ. ಜಾವಗಲ್ಲಿನಿಂದ ಹಳೇಬೀಡಿಗೆ ಬರುವ ರಸ್ತೆಯಲ್ಲಿ ಆ ಕಾಲದ ಸಂಜೆಬಿಸಿಲು ನೇರ ಕಣ್ಣಿಗೇ ಹೊಡೆಯುತ್ತದೆ. ಹುರುಳಿ ಕಿತ್ತ ದಿನಗಳು ಬೇರೆ. ಕಣ ಮಾಡುವ ಕಷ್ಟ ಯಾರಿಗೆ ಬೇಕೆಂದು ನಮ್ಮ ಕಡೆಯವರು ಹುರುಳಿ ಗಿಡವನ್ನು ಟಾರು ರಸ್ತೆಯ ಮೇಲೇ ಹಾಸಿಬಿಡುತ್ತಾರೆ. ಬಸ್ಸು ಲಾರಿ ಹಾಯ್ದು ಕಾಳು ಬಿಡಿಸಿಕೊಡುತ್ತವೆ. ಬಸ್ಸಿಗೆ ಅದರಿಂದ ಏನೂ ಆಗುವುದಿಲ್ಲ. ಎರಡು ಗಾಲಿಯ ಗಾಡಿಗೆ ಅದು ಎಣ್ಣೆ ಚೆಲ್ಲಿದ ಬಂಡೆ. ಬೆಳಿಗ್ಗೆ ಹೋಗುವಾಗ ಅಲ್ಲಿ ಹುರುಳಿ ಇರಲಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಬಂದವನಿಗೆ ಅದು ಕಂಡಿರಲಿಕ್ಕೂ ಇಲ್ಲ. ಗಾಡಿ ಜಾರಿ, ರಸ್ತೆ ಬದಿಯ ಮೈಲಿಗಲ್ಲಿಗೆ ತಲೆ ಬಡಿದಿತ್ತು.

ಅವನನ್ನು ಅಂಗಳದಲ್ಲಿ ಚಾಪೆಯ ಮೇಲೆ ಮಲಗಿಸಿದರು. ಮುಖಕ್ಕೆ ಏನೂ ಆಗಿರಲಿಲ್ಲ. ಮೈಯಿಂದ ಸುಟ್ಟ ಹರಳೆಣ್ಣೆಯ ವಾಸನೆ ಬರುತ್ತಿತ್ತು. ಕೂದಲಲ್ಲಿ, ಅಂಗಿಯ ಮಡಿಕೆಯಲ್ಲಿ, ಜೇಬಿನಲ್ಲಿ ಹುರುಳಿ ಕಾಳು. ಹೆಂಗಸರೆಲ್ಲ ಗೋಳೋ ಎಂದು ಅಳುತ್ತಿದ್ದರೆ ಅಜ್ಜಿ ಮಾತ್ರ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ನಮಗೆ ಹೇನು ಹೆಕ್ಕುತ್ತಿದ್ದ ಹಾಗೆ, ಒಂದೊಂದೇ ಕಾಳು ಹೆಕ್ಕಿ ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. ಅಪ್ಪ ಕೈ ಹಿಡಿದು ನಿಲ್ಲಿಸಲು ನೋಡಿದ. ಅವಳು ಬಿಡಲಿಲ್ಲ. ನನಗೆ ಇಂದಿಗೂ ಸಿಟ್ಟಿದೆ. ಯಾರ ಮೇಲೆಂದು ಕೇಳಬೇಡಿ. ಒಂದೊಂದು ದಿನ ಹುರುಳಿ ಹಾಸಿದವರ ಮೇಲೆ, ಒಂದೊಂದು ದಿನ ಕುರಿಗಳ ಮೇಲೆ, ಬಹಳ ದಿನ ಅಜ್ಜಿಯ ಮೇಲೆ. ಅವಳೊಡನೆ ನಾನು ಎಷ್ಟೋ ಕಾಲ ಸರಿಯಾಗಿ ಮಾತಾಡಲಿಲ್ಲ. ಅವಳೂ ಮಾತಾಡಿಸಲು ಬರಲಿಲ್ಲ. ದಿನಕ್ಕೆ ಒಂದೇ ಹೊತ್ತು ಉಣ್ಣತೊಡಗಿದಳು, ಸಂಜೆಯ ಊಟವನ್ನು ಬಿಟ್ಟೇಬಿಟ್ಟಳು. ನಮ್ಮ ಮನೆಯಲ್ಲಿ ಹುರುಳಿ ಸಾರು ಆಮೇಲೆ ಯಾರೂ ಮಾಡಲಿಲ್ಲ.

ಆ ಮನೆ ಈಗಿಲ್ಲ. ಅಪ್ಪ ವ್ಯಾಪಾರವನ್ನು ಅರಸೀಕೆರೆಗೆ ಸಾಗಿಸಿದ ಮೇಲೆ ಮಾರಿದೆವು. ಕೊಂಡವರು ಕೆಡವಿ ಪ್ರವಾಸಿಗರಿಗೆ ವಸತಿ ಕಟ್ಟಿದ್ದಾರೆ, ಬಾವಿಯ ಮೇಲೆ ಕಾಂಕ್ರೀಟು ಹಾಕಿದ್ದಾರೆ. ಗಾಡಿಯನ್ನು ಮಲ್ಲೇಶ ಬೇಡಿ ತೆಗೆದುಕೊಂಡು ಹೋಗಿದ್ದ, ರಿಪೇರಿ ಮಾಡಿಸಲಿಲ್ಲ, ಓಡಿಸಲೂ ಇಲ್ಲ. ನನಗೆ ಆ ಮನೆಯದು ಕೊನೆಗೆ ಉಳಿದಿರುವುದು ಒಂದೇ ಸಂಜೆ. ಆಗಿನ್ನೂ ಮನೆ ಮಾರಿರಲಿಲ್ಲ, ನಾನು ದಿನಾ ಬಸ್ಸಿನಲ್ಲಿ ಹೋಗಿಬಂದು ಅರಸೀಕೆರೆಯಲ್ಲಿ ಕಾಲೇಜು ಓದುತ್ತಿದ್ದೆ. ಒಂದು ದಿನ ಬಸ್ಸು ದಾರಿಯಲ್ಲಿ ಕೆಟ್ಟು, ಮನೆ ಸೇರುವಾಗ ಪೂರಾ ಕತ್ತಲಾಗಿತ್ತು. ಹಸಿವಿಗೆ ಕಣ್ಣು ಕತ್ತಲೆ ಬರುತ್ತಿತ್ತು, ಆದರೆ ಕೇಳುವಂತಿರಲಿಲ್ಲ. ಸದ್ದಿಲ್ಲದೆ ಮಲಗಲು ಹೊರಟವಳನ್ನು ಅಜ್ಜಿ ಅಡುಗೆಮನೆಗೆ ಕರೆದಳು. ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬೂದಿ ಸರಿಸಿದಳು. ಒಳಗೆ ಕೆಂಡ ಕೆಂಪಗಿತ್ತು. ಅದರ ಮೇಲೆ ಎರಡು ಪುಳ್ಳೆಯಿಟ್ಟು ಊದಿ, ಸಾರು ಬಿಸಿ ಮಾಡಿ, ನನ್ನ ಮುಂದೆ ಎಲೆ ಹಾಕಿದಳು. ನಾನು ಬೆಪ್ಪಾಗಿ ನೋಡುತ್ತಿದ್ದೆ.

"ನನಗೆ ಜ್ವರ ಬಂದ ರಾತ್ರಿ ಅವನು ಹಸ್ಕೊಂಡು ಅತ್ನಲ್ಲ, ಆವತ್ತಿಂದ ದಿನಾ ಕೆಂಡ ಮುಚ್ಚಿಡ್ತಿದ್ದೆ ಕಣೇ ಪದ್ದಿ" ಎಂದಳು. "ಕತ್ಲಾದ್ಮೇಲೆ ಬಂದಿದ್ರೂ ಬಡಿಸ್ತಿದ್ದೆ. ನಾನೂ ಉಣ್ತಿದ್ದೆ. ಅವನಿಗೆ ಹೇಳಿರ್ಲಿಲ್ಲ."

ನಾನು ಉಂಡೆ. ಅವಳು ಮತ್ತೆ ಕೆಂಡಕ್ಕೆ ಬೂದಿ ಮುಚ್ಚಿದಳು.