ಬಸ್ಸು ನಿಲ್ಲುವ ಜಾಗ ಗೊತ್ತುಮಾಡಿದವರು

ಸುಮಾ, ರಘು, ಸರ್ಕಾರಿ ಬಸ್ಸು ಹೊಸದಾಗಿ ಬಂದ ಕಾಲದಲ್ಲಿ ಯಲಹಂಕದಾಚೆಯ ನಮ್ಮ ಹಳ್ಳಿಗೆ ಸಾರಿಗೆ ಇಲಾಖೆಯ ಅಧಿಕಾರಿಯೊಬ್ಬರು ಬರುತ್ತಿದ್ದರು. ಬಸ್ಸು ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತಿಗೆ ಬರಬೇಕು ಎಂದು ಗೊತ್ತುಮಾಡುವುದು ಅವರ ಕೆಲಸ. ಸೈಕಲ್ಲನ್ನು ತಳ್ಳಿಕೊಂಡೇ ಊರು ಸುತ್ತುತ್ತಿದ್ದರು; ಹತ್ತಿದ್ದನ್ನು ನಾನು ಕಾಣೆ. ಯಾರು ಏನು ಹೇಳಿದರೂ "ನೋಡಿ ಬರ್ಕೋತೀನಿ" ಎನ್ನುತ್ತಿದ್ದರು.

"ನಮ್ಮನೆ ಮುಂದೇನೇ ನಿಲ್ಸಿ ಸ್ವಾಮಿ, ಎಲ್ರಿಗೂ ಅನುಕೂಲ," ಎಂದರು ಪಟೇಲರು. ಆ ಮನೆ ಮುಂದೆ ಹೊರೆ ಇಳಿಸಲು ಸೊಪ್ಪು ಮಾರುವ ನಮ್ಮಂಥ ಹೆಂಗಸರಿಗೆ ಅಪ್ಪಣೆ ಇರಲಿಲ್ಲ. ಬಸ್ಸು ಅಲ್ಲಿ ನಿಂತರೆ ಸೊಪ್ಪು ಹೊತ್ತು ಯಲಹಂಕದ ಸಂತೆಗೆ ನಾವು ಎಂದಿನಂತೆ ನಡೆದೇ ಹೋಗಬೇಕು.

ಅಧಿಕಾರಿ ನನ್ನತ್ತ ತಿರುಗಿ, "ನೀವೇನಮ್ಮಾ ಹೇಳ್ತೀರಿ?" ಎಂದರು. ನಾನು ನಡೆದುಹೋಗಿ, ರಸ್ತೆಯಂಚಿನ ಹೊರೆ ಇಳಿಸುವ ಕಲ್ಲಿನ ಮೇಲೆ ಕುಕ್ಕೆಯಿಟ್ಟು ನಿಂತೆ. ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಬಂದು ಪಕ್ಕದಲ್ಲಿ ನಿಂತರು.

"ಇವ್ರಿಗೇನಾಯ್ತು? ಅಲ್ಯಾಕ್ ನಿಂತವ್ರೆ?" ಎಂದರು ಪಟೇಲರು.

"ಬಸ್ಸಿಗೆ ಕಾಯ್ತಿದ್ದಾರೆ," ಎಂದು ಅಧಿಕಾರಿ ಪುಸ್ತಕ ತೆಗೆದು ಬರೆದುಕೊಂಡರು.

ಬೋರ್ಡನ್ನು ಅಲ್ಲೇ ನೆಟ್ಟರು. ಬಸ್ಸು ಬಂದ ಮೊದಲ ದಿನ ಪಟೇಲರೂ ಅಲ್ಲಿಗೇ ಬಂದು ನಮ್ಮ ಹಿಂದೆ ನಿಂತರು.

ಆ ಅಧಿಕಾರಿಯ ಹೆಸರು ಕೇಳುವ ಧೈರ್ಯ ನನಗಾಗಲಿಲ್ಲ. ಅವರ ಗುರುತೆಂದು ನನ್ನ ಬಳಿ ಇರುವುದು ನಾನು ಬರೆದಿಟ್ಟ ಈ ಹಾಳೆಗಳಷ್ಟೇ, ಜೋಪಾನವಾಗಿಡಿ, ಮಕ್ಕಳೇ.