ಸೇವಂತಿಯ ತೊಡೆಯ ಮೇಲಿನ ಕೂಸು

ಮುಂಬಯಿಯ ಆಂಟಾಪ್ ಹಿಲ್‌ನಲ್ಲಿ ನಮ್ಮ ಪಕ್ಕದ ಖೋಲಿಯ ಸೇವಂತಿಯ ಮೊಬೈಲಿನಲ್ಲಿ ಮಗ ಬಸುವಿನ ಫೋಟೊಗಳು ಬೇಕಾದಷ್ಟಿವೆ. ತೆಗೆಯುವವಳು ಅವಳೇ, ಹಾಗಾಗಿ ಒಂದರಲ್ಲೂ ಅವಳಿಲ್ಲ. ಗಂಡ ಕಟ್ಟಡದ ಕೆಲಸವೆಂದು ಊರೂರು ಅಲೆಯುವವನು. ತಾಯಿ ಮಗ ಕೂಡಿರುವ ಒಂದು ಪಟ ಗೋಡೆಯ ಮೇಲಿರಬೇಕು, ಅಷ್ಟೇ ಅವಳ ಆಸೆ. ಅದೇನು ಅರಮನೆ ಕೇಳಿದ ಹಾಗಾಯಿತೇ?

ಕೂಸನ್ನು ಕಂಕುಳಲ್ಲಿಟ್ಟುಕೊಂಡೇ ಅವಳು ಲೋಕಲ್ ಹತ್ತಿ ವಿಲೆ ಪಾರ್ಲೆಗೆ ಮನೆಗೆಲಸಕ್ಕೆ ಹೋಗುತ್ತಿದ್ದಳು. ಆ ಮನೆಯ ಅನುರಾಧಾಬಾಯಿ ಧಾರವಾಡದವರು, ಚಿತ್ರ ಬರೆಯುವವರು. ತಾಯಿ-ಮಗುವಿನ ಚಿತ್ರಕ್ಕೆ ಕೂತುಕೋ, ಮುಗಿದ ಮೇಲೆ ಅದರದೇ ಪ್ರತಿಗೆ ಕಟ್ಟು ಹಾಕಿಸಿ ಕೊಡುತ್ತೇನೆ ಎಂದರು. ಸೇವಂತಿ ಕುಣಿದುಕೊಂಡು ಒಪ್ಪಿದಳು.

ಮೊದಲ ದಿನ ಒಂದು ದಪ್ಪ ಪುಸ್ತಕ ತೋರಿಸಿದರಂತೆ. ಕೃಷ್ಣನನ್ನು ಎತ್ತಿಕೊಂಡ ಯಶೋದೆ, ಏಸುವನ್ನು ಎತ್ತಿಕೊಂಡ ಮೇರಿ, ಆಫ್ರಿಕಾದ ಮರದ ತಾಯಿ, ಜಪಾನಿನ ತಾಯಿ. ಎಲ್ಲರ ಮುಖದಲ್ಲೂ ಶಾಂತಿ ನೋಡು, ನನಗೂ ಅದೇ ಬೇಕು ಎಂದರಂತೆ. ಅಷ್ಟು ದೇಶದ ಕೂಸುಗಳಲ್ಲಿ ಒಂದೂ ಅಳುತ್ತಿರಲಿಲ್ಲ, ಒಂದೂ ತಾಯಿಯ ಕೂದಲು ಜಗ್ಗುತ್ತಿರಲಿಲ್ಲ. ಬಸು ಎರಡನ್ನೂ ಮಾಡಿದ. ಹಸಿದು ಎದೆಗೆ ಬಾಯಿ ಹಾಕಿದರೆ, ಕೂತ ರೀತಿ ಕೆಡುತ್ತದೆ, ಸ್ವಲ್ಪ ತಡಿ ಅನ್ನುವರು. ತಾಯಿ-ಮಗುವಿನ ಚಿತ್ರಕ್ಕಾಗಿ ಮಗುವಿಗೆ ಹಾಲು ತಪ್ಪಿಸುವುದು! ಕೇಳಿ ನನ್ನ ಮೈಯೆಲ್ಲ ಉರಿಯಿತು.

ಸೇವಂತಿಯ ಮುಖ ಬರೆದು ಮುಗಿಯುವಷ್ಟರಲ್ಲಿ ಮಳೆಗಾಲ ಕಳೆಯಿತು. ಬಸು ನಡೆಯಲು ಕಲಿತ, ತೊಡೆಯ ಮೇಲೆ ಕೂರಲೊಲ್ಲ. ಚಿತ್ರದಲ್ಲಿ ಕೂಸಿನ ಜಾಗ ಇನ್ನೂ ಖಾಲಿ.

"ಇಂವಾ ಭಾಳ ದೊಡ್ಡಾಂವ ಆದ," ಅಂದರು ಬಾಯಿಯವರು. "ನಿಮ್ಮ ಕಡೆ ಸಣ್ಣ ಕೂಸು ಯಾವುದರೆ ಅದ ಏನು?"

ಮೈ ಮಾತ್ರ ಬೇರೆ ಕೂಸಿನದು, ಮುಖ ಬಸುವಿನದೇ ಬರೆಯುತ್ತೇನೆ ಎಂದು ಮಾತು ಕೊಟ್ಟರು. ಸೇವಂತಿ ನಂಬಿ ಎದುರು ಖೋಲಿಯ ಚಂಪಾಳ ಮಗ ಅನಿಲನನ್ನು ಒಯ್ದಳು. ಅವ್ವನ ತೊಡೆಯ ಮೇಲೆ ಇನ್ನೊಂದು ಕೂಸನ್ನು ಕಂಡು ಬಸು ಗಂಟಲು ಕಟ್ಟುವ ತನಕ ಅತ್ತ. ಅವಳು ಅಲುಗಾಡುವಂತಿರಲಿಲ್ಲ.

ಸಂಕ್ರಾಂತಿಗೆ ಪಟ ಬಂತು. ಸೇವಂತಿಯ ಮುಖ ಚೆನ್ನಾಗಿಯೇ ಬಂದಿದೆ, ಅಷ್ಟು ಶಾಂತಿ ಅವಳಲ್ಲಿ ನಾನೆಂದೂ ಕಂಡಿಲ್ಲ. ತೊಡೆಯ ಮೇಲಿರುವುದು ಮಾತ್ರ ಚಂಪಾಳ ಮಗ, ಆ ಚಪ್ಪಟೆ ಮೂಗಿನ ಸಮೇತ. ಕೇಳಿದ್ದಕ್ಕೆ ಬಾಯಿಯವರು, ಸಣ್ಣ ಕೂಸುಗಳೆಲ್ಲ ಒಂದೇ ಥರ ಇರುತ್ತವಲ್ಲ ಎಂದರಂತೆ. ಅದನ್ನು ವಾಪಸು ಒಯ್ದು ಅವರ ಬಾಗಿಲಿಗೆ ಇಟ್ಟು ಬಾ ಎಂದೆ. ಅವಳು ಕೇಳಲಿಲ್ಲ, ಮೊಳೆ ಹೊಡೆದು ತೂಗುಹಾಕಿದಳು.

ಬಸುವನ್ನು ಎತ್ತಿ ತೋರಿಸಿದಳು. "ನೋಡಪಾ, ಇಕಿ ಅವ್ವ. ಅವ್ವನ ತೊಡಿ ಮ್ಯಾಲ ನೀ."

ಬಸು ಅವಳ ಚಿತ್ರವನ್ನು ಮುಟ್ಟಿ ಅವ್ವ ಎಂದ. ಆಮೇಲೆ ಕೂಸಿನ ಮೇಲೆ ಬೆರಳಿಟ್ಟ.

"ಅನಿಲ," ಅಂದ.